ಜೋಡಿ ರ‍್ಯಾಕೆಟ್ ಕೊಳ್ಳುವವರು ಸ್ಟ್ರಿಂಗ್ ಹಾಕಿಸುವ ಮೊದಲು ಸ್ವಿಂಗ್‌ವೇಟ್ ನೋಡಿಕೊಳ್ಳಿ

ಟೆನಿಸ್ ಟೂರ್ನಿ ಆಡುವ ಹುಡುಗನೊಬ್ಬನಿಗೆ ಒಂದೇ ಮಾಡೆಲ್‌ನ, ಒಂದೇ ಗ್ರಿಪ್ ಸೈಜಿನ ಎರಡು ಹೊಸ ಫ್ರೇಮ್ ಆನ್‌ಲೈನ್‌ನಲ್ಲಿ ತರಿಸಿದ್ದರು. ಎರಡರ ಮೇಲೂ ಅಚ್ಚಾಗಿದ್ದದ್ದು 300 ಗ್ರಾಂ, 320 ಮಿ.ಮೀ. ಬ್ಯಾಲೆನ್ಸ್, ಅಂದರೆ ಹಿಡಿಯ ಬುಡದಿಂದ ಫ್ರೇಮ್ ಸಮತೂಕದಲ್ಲಿ ನಿಲ್ಲುವ ಬಿಂದುವಿಗೆ ಇರುವ ದೂರ. ಹಾಕಿಸಿದ್ದು ಒಂದೇ ಸ್ಟ್ರಿಂಗ್, ಒಂದೇ ಟೆನ್ಷನ್. ಆದರೂ ಒಂದರಲ್ಲಿ ಸಲೀಸಾಗಿ ಹೋಗುತ್ತಿದ್ದ ರಿಟರ್ನ್ ಇನ್ನೊಂದು ಕೈಗೆ ಬಂದ ಕೂಡಲೇ ತಡವಾಗುತ್ತಿತ್ತು, ಎರಡನೇ ಸೆಟ್ಟಿನ ಹೊತ್ತಿಗೆ ಭುಜ ಸೋಲುತ್ತಿತ್ತು. ಕೋಚ್ ಇದನ್ನು ಮನಸ್ಸಿನ ಭ್ರಮೆ ಅಂದರು. ಅಂಗಡಿಯವರು ಸ್ಟ್ರಿಂಗ್ ಹಾಕಿಸಿದ ಮೇಲೆ ವಾಪಸ್ ಇಲ್ಲ ಅಂದರು. ಕೊನೆಗೆ ಸ್ಟ್ರಿಂಗ್ ಕತ್ತರಿಸಿ ಬರೀ ಫ್ರೇಮ್ ಅಳೆದಾಗ ಮೊದಲನೆಯದು 300 ಗ್ರಾಂ, 320 ಮಿ.ಮೀ., ಸ್ವಿಂಗ್‌ವೇಟ್ 284 (ಬೀಸುವಾಗ ಕೈಗೆ ಗೊತ್ತಾಗುವ ಭಾರ, ವಿವರ ಮುಂದಿದೆ). ಎರಡನೆಯದು 303 ಗ್ರಾಂ, 327 ಮಿ.ಮೀ., ಸ್ವಿಂಗ್‌ವೇಟ್ 295. ತೂಕದಲ್ಲಿ ಬರೀ 3 ಗ್ರಾಂ ಅಂತರ, ಬೀಸುವಾಗಿನ ಭಾರದಲ್ಲಿ 11 ಪಾಯಿಂಟ್. ನಿತ್ಯ ಆಡುವವರ ಕೈಗೆ ಇಷ್ಟು ಅಂತರ ಗೊತ್ತಾಗದೆ ಇರುವುದಿಲ್ಲ.

ಕಂಪನಿಗೆ ದೂರು ಕೊಟ್ಟರೂ ಪ್ರಯೋಜನವಾಗಲಿಲ್ಲ. ತೂಕದಲ್ಲಿ 7 ಗ್ರಾಂ ಆಚೀಚೆ, ಬ್ಯಾಲೆನ್ಸ್‌ನಲ್ಲಿ 7 ಮಿ.ಮೀ. ಆಚೀಚೆ ಎಂಬುದು ಈ ಉದ್ಯಮದಲ್ಲಿ ಸಾಮಾನ್ಯವಾಗಿ ನಡೆಯುವ ವಿನಾಯಿತಿ. 293 ಗ್ರಾಂ, 313 ಮಿ.ಮೀ. ಇರುವ ಫ್ರೇಮೂ ಪಾಸು, 307 ಗ್ರಾಂ, 327 ಮಿ.ಮೀ. ಇರುವುದೂ ಪಾಸು. ಈ ಎರಡು ತುದಿಗಳ ನಡುವೆ ಸ್ವಿಂಗ್‌ವೇಟ್ 25 ಪಾಯಿಂಟ್‌ವರೆಗೂ ಬೇರೆಯಾಗಬಹುದು. ಎರಡಕ್ಕೂ ಬಣ್ಣ ಒಂದೇ, ಹೆಸರು ಒಂದೇ, ಬೆಲೆ ಒಂದೇ.

ಸ್ವಿಂಗ್‌ವೇಟ್ ಅಂದರೆ ಹಿಡಿಯ ಬುಡದಿಂದ 10 ಸೆಂ.ಮೀ. ಮೇಲಿನ ಬಿಂದುವನ್ನು ಕೀಲಾಗಿಟ್ಟುಕೊಂಡು ರ‍್ಯಾಕೆಟ್ ಬೀಸಿದಾಗ ಅದು ಒಡ್ಡುವ ಜಡತ್ವ. ಕೆ.ಜಿ. ಗುಣಿಸು ಸೆಂಟಿಮೀಟರಿನ ವರ್ಗ ಇದರ ಅಳತೆ, ಇಲ್ಲಿ ಪಾಯಿಂಟ್ ಎಂದಿರುವುದು ಇದನ್ನೇ. ಕೀಲಿನಿಂದ ಇರುವ ದೂರದ ವರ್ಗ ಲೆಕ್ಕಕ್ಕೆ ಬರುವುದರಿಂದ ಭಾರ ಎಲ್ಲಿದೆ ಎನ್ನುವುದೇ ಮುಖ್ಯ. ತಲೆಯ ತುದಿಯಲ್ಲಿ 1 ಗ್ರಾಂ ಸೇರಿದರೆ ಸುಮಾರು 3.4 ಪಾಯಿಂಟ್ ಏರುತ್ತದೆ. ತಲೆಯ ಎರಡು ಬದಿಗಳಲ್ಲಿ, ಅಂದರೆ ಗಡಿಯಾರದ 3 ಮತ್ತು 9 ಗಂಟೆಯ ಜಾಗದಲ್ಲಿ, ಅದೇ 1 ಗ್ರಾಂ 1.85 ಪಾಯಿಂಟ್ ಕೊಡುತ್ತದೆ. ಹಿಡಿಯಲ್ಲಿ ಹೆಚ್ಚುಕಡಿಮೆ ಸೊನ್ನೆ.

ವ್ಯತ್ಯಾಸ ಹುಟ್ಟುವುದು ತಯಾರಿಕೆಯಲ್ಲೇ. ರಾಳ ಹೀರಿಸಿದ ಕಾರ್ಬನ್ ಹಾಳೆಯ ತುಂಡುಗಳನ್ನು ಕೈಯಿಂದಲೇ ಸುತ್ತಿ ಕೊಳವೆ ಮಾಡಿ, ಅಚ್ಚಿನಲ್ಲಿಟ್ಟು, ಒಳಗಿನಿಂದ ಗಾಳಿಯ ಒತ್ತಡ ಕೊಟ್ಟು ಬೇಯಿಸುತ್ತಾರೆ. ಒಂದು ತುಂಡು ಕೊಂಚ ಮೇಲೆ ಸರಿದರೂ, ರಾಳ ಒಂದೆಡೆ ಹೆಚ್ಚು ನಿಂತರೂ ಭಾರದ ಹಂಚಿಕೆ ಬದಲಾಗುತ್ತದೆ. ಆಮೇಲೆ ಗುಳಿ ಮುಚ್ಚಲು ಪುಟ್ಟಿ, ಉಜ್ಜುವಿಕೆ, ಬಣ್ಣ. ತಲೆಯ ಕಡೆ 2 ಗ್ರಾಂ ಪುಟ್ಟಿ ಹೆಚ್ಚಾಯಿತೆಂದರೆ 6 ಪಾಯಿಂಟ್ ಅಲ್ಲೇ ಹೋಯಿತು.

ಇನ್ನು ಮೋಸ ಹೋಗುವ ಮುಖ್ಯ ಜಾಗಕ್ಕೆ ಬರೋಣ. 'ತೂಕ, ಬ್ಯಾಲೆನ್ಸ್ ಎರಡೂ ನೋಡಿ ಜೋಡಿ ಮಾಡಿ ಕೊಡುತ್ತೇವೆ' ಎನ್ನುವ ಅಂಗಡಿಯವರ ಮಾತನ್ನು ಪೂರ್ತಿ ನಂಬಬೇಡಿ. ಮೇಲಿನ ಎರಡನೇ ಫ್ರೇಮಿನ ಹಿಡಿಯೊಳಗೆ, ಬುಡದಿಂದ 10 ಸೆಂ.ಮೀ. ಜಾಗದಲ್ಲಿ 4 ಗ್ರಾಂ ತುಂಬಿದರೆ ಅದು 307 ಗ್ರಾಂ, 324 ಮಿ.ಮೀ. ಆಗುತ್ತದೆ. ಬ್ಯಾಲೆನ್ಸ್ ಅಂಚಿನಿಂದ ಒಳಗೆ ಬಂತು, ಕಾಗದದ ಮೇಲೆ ಮೊದಲಿಗಿಂತ ಚೆನ್ನಾಗಿ ಕಾಣುತ್ತದೆ. ಸ್ವಿಂಗ್‌ವೇಟ್ ಮಾತ್ರ ಅದೇ 295. ತಲೆಭಾರದ ದೋಷವನ್ನು ಹಿಡಿಯ ಭಾರ ಮುಚ್ಚಿಹಾಕುತ್ತದೆ, ಅಷ್ಟೇ. ಜೋಡಿ ಎನ್ನಬೇಕಾದರೆ ಮೂರು ಸಂಖ್ಯೆಗಳೂ ಬೇಕು: ತೂಕ, ಬ್ಯಾಲೆನ್ಸ್, ಸ್ವಿಂಗ್‌ವೇಟ್. ಮೂರನೆಯದನ್ನು ಅಳೆದು ಬರೆದುಕೊಡಲು ಒಪ್ಪದವರ ಹತ್ತಿರ ಎರಡು ಫ್ರೇಮ್ ಒಟ್ಟಿಗೆ ಕೊಳ್ಳದಿರುವುದೇ ವಾಸಿ.

ಸಂಖ್ಯೆ ಕೊಟ್ಟರೆ ಅದು ಸ್ಟ್ರಿಂಗ್ ಸಹಿತದ್ದೋ ರಹಿತದ್ದೋ ಕೇಳಿ. ಸ್ಟ್ರಿಂಗ್ ಸುಮಾರು 16 ಗ್ರಾಂ ತೂಗುತ್ತದೆ, ಸ್ವಿಂಗ್‌ವೇಟನ್ನು ಸುಮಾರು 30 ಪಾಯಿಂಟ್ ಏರಿಸುತ್ತದೆ. 290 ಎಂದು ಒಬ್ಬರು, 320 ಎಂದು ಇನ್ನೊಬ್ಬರು ಬರೆದಿದ್ದರೆ ಎರಡೂ ಒಂದೇ ರ‍್ಯಾಕೆಟ್ ಇರಬಹುದು.

ಬಾಬೊಲಾಟ್ ಆರ್‌ಡಿಸಿ ಅಥವಾ ಬ್ರಿಫಿಡಿಯಂಥ ಸ್ವಿಂಗ್‌ವೇಟ್ ಅಳೆಯುವ ಯಂತ್ರ ಇರುವ ಸ್ಟ್ರಿಂಗರ್ (ಸ್ಟ್ರಿಂಗ್ ಹಾಕಿಕೊಡುವವರು) ಸಿಕ್ಕರೆ ಕೆಲಸ ಸುಲಭ. ಸಿಗದಿದ್ದರೆ ಮನೆಯಲ್ಲೇ ಅಳೆಯಬಹುದು. ಒಡವೆ ತೂಗುವಂಥ, 0.1 ಗ್ರಾಂ ತೋರಿಸುವ ಡಿಜಿಟಲ್ ತಕ್ಕಡಿ, ಸ್ಕೇಲು, ನೆಟ್ಟಗಿನ ಸೈಕಲ್ ಚಕ್ರದ ಕಡ್ಡಿ, ಮೊಬೈಲಿನ ಸ್ಟಾಪ್‌ವಾಚ್ ಸಾಕು. ಓವರ್‌ಗ್ರಿಪ್, ಡ್ಯಾಂಪನರ್ (ಸ್ಟ್ರಿಂಗ್‌ನ ಕಂಪನ ತಗ್ಗಿಸುವ ರಬ್ಬರ್ ತುಂಡು) ತೆಗೆದುಬಿಡಿ. ತೂಕ ಬರೆದುಕೊಳ್ಳಿ. ಸ್ಕೇಲಿನ ಅಂಚಿನ ಮೇಲೆ ರ‍್ಯಾಕೆಟ್ ತೂಗಿಸಿ, ಬುಡದಿಂದ ಬ್ಯಾಲೆನ್ಸ್ ಬಿಂದುವಿಗೆ ಎಷ್ಟು ದೂರ ನೋಡಿ. ಇಲ್ಲಿ 1 ಮಿ.ಮೀ. ತಪ್ಪಿದರೂ ಉತ್ತರ ಒಂದೂವರೆ ಪಾಯಿಂಟ್ ಹಾಳಾಗುತ್ತದೆ.

ಬುಡದಿಂದ ಸರಿಯಾಗಿ 10 ಸೆಂ.ಮೀ. ಮೇಲೆ ಕಡ್ಡಿಯನ್ನು ಹಿಡಿಗೆ ಅಡ್ಡಲಾಗಿ, ಸ್ಟ್ರಿಂಗ್‌ನ ಮುಖಕ್ಕೆ ಸಮಾನಾಂತರವಾಗಿ ಇಟ್ಟು ಟೇಪು ಸುತ್ತಿ ಬಿಗಿಯಿರಿ. ಒಂದೇ ಎತ್ತರದ ಎರಡು ಮೇಜುಗಳ ಅಂಚಿನ ಮೇಲೆ ಕಡ್ಡಿಯ ತುದಿಗಳು ಕೂರಲಿ, ತಲೆ ಕೆಳಗಾಗಿ ತೂಗಲಿ. ತೂಗಬೇಕಾದದ್ದು ಮುಖ ಮುಂದೆ ಹಿಂದೆ ಹೋಗುವ ಹಾಗೆ. ಪಕ್ಕಕ್ಕೆ ತೂಗಿಸಿ ಅಳೆದರೆ ಬರುವುದು ಬೇರೆಯದೇ ಸಂಖ್ಯೆ. ಕೈಯಗಲದಷ್ಟು ಮಾತ್ರ ಎಳೆದು ಬಿಡಿ, 30 ಪೂರ್ತಿ ತೂಗಾಟಕ್ಕೆ (ಹೋಗಿ ವಾಪಸ್ ಬಂದರೆ ಒಂದು) ಎಷ್ಟು ಸೆಕೆಂಡ್ ನೋಡಿ, 30ರಿಂದ ಭಾಗಿಸಿ. ಮೂರು ಸಲ ಮಾಡಿ ಸರಾಸರಿ ತೆಗೆಯಿರಿ. ಲೆಕ್ಕ ಹೀಗೆ: 24.8 × ತೂಕ (ಕೆ.ಜಿ.) × (ಬ್ಯಾಲೆನ್ಸ್ ಸೆಂ.ಮೀ. − 10) × ಒಂದು ತೂಗಾಟದ ಸೆಕೆಂಡ್ × ಅದೇ ಸೆಕೆಂಡ್.

ಸ್ಟ್ರಿಂಗ್ ಇದ್ದಾಗ ಮೊದಲನೇ ರ‍್ಯಾಕೆಟ್ 316 ಗ್ರಾಂ, 33.0 ಸೆಂ.ಮೀ., 30 ತೂಗಾಟಕ್ಕೆ 39.6 ಸೆಕೆಂಡ್, ಉತ್ತರ 314. ಎರಡನೆಯದು 319 ಗ್ರಾಂ, 33.7 ಸೆಂ.ಮೀ., 39.5 ಸೆಕೆಂಡ್, ಉತ್ತರ 325. ಸಮಯ ಎರಡಕ್ಕೂ ಹೆಚ್ಚುಕಡಿಮೆ ಒಂದೇ ಎಂಬುದನ್ನು ಗಮನಿಸಿ. 'ಎರಡೂ ಒಂದೇ ಹೊತ್ತಿಗೆ ತೂಗುತ್ತವೆ, ಹಾಗಾಗಿ ಜೋಡಿ' ಎಂದು ತೀರ್ಮಾನಿಸುವವರು ಎಡವುವುದು ಇಲ್ಲೇ. ತಲೆ ಭಾರವಾದಷ್ಟೂ ಎಳೆಯುವ ಬಲವೂ ಹೆಚ್ಚುತ್ತದೆ, ಸಮಯ ಹೆಚ್ಚೇನೂ ಬದಲಾಗುವುದಿಲ್ಲ. ಗುಣಾಕಾರ ಪೂರ್ತಿ ಮಾಡಲೇಬೇಕು. 40 ಸೆಕೆಂಡಿನಲ್ಲಿ 0.2 ತಪ್ಪಿದರೂ 3 ಪಾಯಿಂಟ್ ಏರುಪೇರು, ಆದ್ದರಿಂದ 3 ಪಾಯಿಂಟಿನ ಒಳಗಿನ ವ್ಯತ್ಯಾಸಕ್ಕೆ ಅಂಗಡಿಯವರ ಜೊತೆ ಜಗಳಕ್ಕೆ ಹೋಗಬೇಡಿ.

ಕೊಂಡಾಗಿದೆ, ವಾಪಸ್ ಆಗುವುದಿಲ್ಲ ಎಂದಾದರೆ ಹಗುರದ್ದನ್ನು ಭಾರದ್ದಕ್ಕೆ ಸರಿದೂಗಿಸುವುದೊಂದೇ ದಾರಿ. ಫ್ರೇಮ್ ಕೆರೆದು ಭಾರ ಇಳಿಸಲು ಹೋಗಬೇಡಿ, ಫ್ರೇಮೂ ಹಾಳು, ವಾರಂಟಿಯೂ ಹಾಳು. ಮೊದಲು ಸ್ವಿಂಗ್‌ವೇಟ್, ಕೊನೆಗೆ ಹಿಡಿ, ಇದೇ ಕ್ರಮ. ಮೇಲಿನ ಜೋಡಿಯಲ್ಲಿ ಮೊದಲನೆಯದರ 3 ಮತ್ತು 9 ಗಂಟೆಯ ಜಾಗಕ್ಕೆ ತಲಾ 3 ಗ್ರಾಂ ಲೆಡ್ ಟೇಪ್ (ಸೀಸದ ಪಟ್ಟಿ) ಅಂಟಿಸಿದರೆ 306 ಗ್ರಾಂ, 324 ಮಿ.ಮೀ., 295 ಆಗುತ್ತದೆ. ಎರಡನೆಯದರ ಹಿಡಿಯಲ್ಲಿ, ಬುಡದಿಂದ 4 ಸೆಂ.ಮೀ. ಮೇಲೆ ಗ್ರಿಪ್ಪಿನ ಕೆಳಗೆ 3 ಗ್ರಾಂ ಹಾಕಿದರೆ ಅದೂ 306 ಗ್ರಾಂ, 324 ಮಿ.ಮೀ., 295. ತುದಿಯಲ್ಲಿ ಅಂಟಿಸಿದರೆ 3.3 ಗ್ರಾಂ ಸಾಕಾಗುತ್ತಿತ್ತು ನಿಜ, ಆದರೆ ಬದಿಗಳಲ್ಲಿ ಹಾಕಿದರೆ ಚೆಂಡು ಅಂಚಿಗೆ ತಗುಲಿದಾಗ ರ‍್ಯಾಕೆಟ್ ತಿರುಚುವುದೂ ಕಡಿಮೆ. ಕಾಲು ಇಂಚು ಅಗಲದ ಲೆಡ್ ಟೇಪ್ 4 ಇಂಚಿಗೆ ಸುಮಾರು 1 ಗ್ರಾಂ ಇರುತ್ತದೆ. ಅಂಟಿಸುವ ಮೊದಲು ತೂಗಿಯೇ ಕತ್ತರಿಸಿ. ಸೀಸ ವಿಷ. ಮುಟ್ಟಿದ ಕೈ ತೊಳೆಯಿರಿ, ಮಕ್ಕಳ ರ‍್ಯಾಕೆಟ್‌ಗೆ ಟಂಗ್‌ಸ್ಟನ್ ಟೇಪ್ ಹಾಕಿ.

ಹಳೆಯ ರ‍್ಯಾಕೆಟ್‌ಗೆ ಹೊಸದನ್ನು ಜೋಡಿಸುವವರು ಬಂಪರ್, ಅಂದರೆ ತಲೆಯ ತುದಿಯನ್ನು ಕಾಯುವ ಪ್ಲಾಸ್ಟಿಕ್ ಪಟ್ಟಿ ನೋಡಿ. ನೆಲಕ್ಕೆ ಉಜ್ಜಿ ತುದಿಯಲ್ಲಿ 2 ಗ್ರಾಂ ಸವೆದಿದ್ದರೆ ಹಳೆಯದು 6-7 ಪಾಯಿಂಟ್ ಇಳಿದಿರುತ್ತದೆ. ಹೊಸ ಬಂಪರ್, ಗ್ರೊಮೆಟ್ (ಸ್ಟ್ರಿಂಗ್ ತೂರುವ ರಂಧ್ರಗಳ ಪ್ಲಾಸ್ಟಿಕ್ ಕೊಳವೆ) ಹಾಕಿಸಿದ ಮೇಲೆಯೇ ಅಳೆಯಿರಿ, ಇಲ್ಲವಾದರೆ ಹೊಸ ಫ್ರೇಮಿನದೇ ತಪ್ಪು ಎಂದು ಕಾಣುತ್ತದೆ. ಅಳೆಯುವಾಗ ಎರಡರಲ್ಲೂ ಒಂದೇ ದಪ್ಪದ ಸ್ಟ್ರಿಂಗ್ ಇರಲಿ. ಹೊಸ ಫ್ರೇಮ್ ಕೈಗೆ ಬಂದ ದಿನವೇ, ಹಿಡಿಯ ಪ್ಲಾಸ್ಟಿಕ್ ಬಿಚ್ಚುವ ಮೊದಲೇ ತೂಕ ಮತ್ತು ಬ್ಯಾಲೆನ್ಸ್ ನೋಡಿ ಫೋಟೊ ತೆಗೆದಿಡಿ: ಎರಡರ ಬ್ಯಾಲೆನ್ಸ್ 3 ಮಿ.ಮೀ.ಗಿಂತ ಹೆಚ್ಚು ಬೇರೆಯಿದ್ದರೆ ಸ್ಟ್ರಿಂಗರ್ ಹತ್ತಿರ ಹೋಗಬೇಡಿ, ನೇರವಾಗಿ ವಾಪಸ್ ಅರ್ಜಿ ಹಾಕಿ.