ಅಭ್ಯಾಸದ ಬುಟ್ಟಿಗೆ ಯಾವ ಟೆನಿಸ್ ಬಾಲ್?

ನನ್ನ ಮತ ಮೊದಲೇ ಹೇಳಿಬಿಡುತ್ತೇನೆ: ದಪ್ಪ ಫೆಲ್ಟ್ (ಬಾಲ್ ಮೇಲಿನ ಜುಂಗು ಬಟ್ಟೆಯ ಹೊದಿಕೆ) ಇರುವ, ಒಳಗೆ ಗಾಳಿಯ ಒತ್ತಡ ತುಂಬದ, ತುಸು ದುಬಾರಿಯ ಪ್ರೆಶರ್‌ಲೆಸ್ ಬಾಲ್. ಒತ್ತಡ ತುಂಬಿ ಮುಚ್ಚಿದ ಡಬ್ಬಿಯಲ್ಲಿ ಬರುವ ಕ್ಯಾನಿನ ಬಾಲ್ ಮ್ಯಾಚ್ ಆಡುವ ದಿನಕ್ಕೆ ಮಾತ್ರ. ಚೀಲಗಟ್ಟಲೆ ಬರುವ ಅಗ್ಗದ ಪ್ರೆಶರ್‌ಲೆಸ್ ಬಾಲ್‌ಗಳ ಸಹವಾಸ ನನಗೆ ಸಾಕಾಗಿದೆ. ಯಾಕೆ ಅಂತ ಮುಂದೆ ಉದ್ದಕ್ಕೂ ಗೊಣಗುವವನಿದ್ದೇನೆ.

ಕ್ಯಾನಿನ ಬಾಲ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಆಡಲು ಅದರಷ್ಟು ಹಿತವಾದದ್ದು ಇನ್ನೊಂದಿಲ್ಲ. ಅದರ ಹೊಟ್ಟೆಯೊಳಗೆ ಹೊರಗಿನ ಗಾಳಿಗಿಂತ ಚದರ ಇಂಚಿಗೆ ಸುಮಾರು 12ರಿಂದ 14 ಪೌಂಡ್ ಹೆಚ್ಚು ಒತ್ತಡ ಇರುತ್ತದೆ. ಕ್ಯಾನಿನೊಳಗೂ ಒತ್ತಡ ಇರುವುದರಿಂದ ಮುಚ್ಚಳ ತೆಗೆಯುವ ತನಕ ಬಾಲ್ ಕೆಡುವುದಿಲ್ಲ. ‘ಬುಸ್’ ಅಂದ ಮೇಲೆ ಮುಗಿಯಿತು, ಗಾಳಿ ರಬ್ಬರಿನ ಮೂಲಕವೇ ಮೆಲ್ಲಗೆ ಸೋರತೊಡಗುತ್ತದೆ. ಆಡಿದರೂ ಅಷ್ಟೆ, ಮೂಲೆಯಲ್ಲಿಟ್ಟರೂ ಅಷ್ಟೆ, ಕೆಲವೇ ವಾರಗಳಲ್ಲಿ ಸಪ್ಪೆ. ಮೂರು ಬಾಲ್‌ಗೆ ಇದು ಸಹಿಸಬಹುದಾದ ಖರ್ಚು. ಸರ್ವ್ ಅಭ್ಯಾಸಕ್ಕೆಂದು ಬುಟ್ಟಿ ತುಂಬ ಇಟ್ಟುಕೊಳ್ಳುವವರ ಗತಿ ಏನು?

ಅದಕ್ಕೇ ಪ್ರೆಶರ್‌ಲೆಸ್. ಇದರೊಳಗೆ ಹೆಚ್ಚುವರಿ ಒತ್ತಡ ಇಲ್ಲ, ಪುಟಿಯುವ ಶಕ್ತಿಯೆಲ್ಲ ದಪ್ಪ ರಬ್ಬರಿನದ್ದೇ. ಸೋರಲು ಏನೂ ಇಲ್ಲದ್ದರಿಂದ ತಿಂಗಳುಗಟ್ಟಲೆ ಚೀಲದಲ್ಲಿ ಬಿದ್ದಿದ್ದರೂ ಚಿಂತೆಯಿಲ್ಲ. ಇದು ಕಲಿಯುವವರ ಬಾಲ್ ಅಂತ ಮೂಗು ಮುರಿಯುವವರಿಗೆ ಒಂದು ಮಾತು: ಅಂತರರಾಷ್ಟ್ರೀಯ ಟೆನಿಸ್ ಫೆಡರೇಷನ್ ನಿಯಮದಲ್ಲೂ ಇದಕ್ಕೆ ಜಾಗ ಇದೆ. ಸಮುದ್ರಮಟ್ಟದಿಂದ 1219 ಮೀಟರಿಗಿಂತ ಎತ್ತರದ ಊರುಗಳಲ್ಲಿ ಇದನ್ನು ಪಂದ್ಯಕ್ಕೂ ಬಳಸಬಹುದು. ಆದರೆ ಅದೇ ಎತ್ತರದಲ್ಲಿ ಕನಿಷ್ಠ 60 ದಿನ ಇಟ್ಟು ಹೊಂದಿಸಿರಬೇಕು.

ಇನ್ನು ಅಗ್ಗದ ಚೀಲದ ವಿಷಯ. ತಕರಾರು ಒಂದೇ, ಆದರೆ ಕೋರ್ಟಿಗೆ ಇಳಿದಾಗಲೆಲ್ಲ ಕಾಡುವಂಥದ್ದು. ಪ್ರೆಶರ್‌ಲೆಸ್ ಬಾಲ್ ಹೊಸದರಲ್ಲಿ ಗಡುಸು, ಪುಟಿತವೂ ಮಂದ. ಹೊಡೆದಂತೆಲ್ಲ ರಬ್ಬರ್ ಸಡಿಲವಾಗುತ್ತದೆ, ಫೆಲ್ಟ್ ಸವೆದು ತೂಕ ಇಳಿಯುತ್ತದೆ, ಪುಟಿತ ಏರುತ್ತದೆ. ಕ್ಯಾನಿನ ಬಾಲ್ ಹಳೆಯದಾದಂತೆ ಸಾಯುತ್ತದೆ, ಇದು ಹಳೆಯದಾದಂತೆ ಚಿಗುರುತ್ತದೆ. ಕೇಳಲು ಚೆನ್ನಾಗಿಯೇ ಇದೆ.

ಅಗ್ಗದ ಬಾಲ್‌ನ ಫೆಲ್ಟ್ ತೆಳು. ಸಿಮೆಂಟ್ ಕೋರ್ಟಿನಲ್ಲಿ ಮೊದಲು ನೂಲು ನೂಲಾಗಿ ಎದ್ದು ನಿಲ್ಲುತ್ತದೆ, ಆಮೇಲೆ ಉದುರಿ ಬಾಲ್ ಬೋಳಾಗುತ್ತದೆ. ಬೋಳು ಬಾಲ್‌ಗೆ ಗಾಳಿಯ ತಡೆ ಕಡಿಮೆ, ರ್‍ಯಾಕೆಟ್ಟಿನ ತಂತಿಗೂ ಅದು ಸರಿಯಾಗಿ ಕಚ್ಚುವುದಿಲ್ಲ. ಟಾಪ್‌ಸ್ಪಿನ್ ಕೊಟ್ಟರೆ ಕೆಳಗಿಳಿಯಬೇಕಾದ ಬಾಲ್ ಇಳಿಯದೆ ಬೇಸ್‌ಲೈನ್ ದಾಟಿ ಬೇಲಿಗೆ ಬಡಿಯುತ್ತದೆ. ಫೋರ್‌ಹ್ಯಾಂಡ್ ಕೆಟ್ಟಿತು ಅಂದುಕೊಂಡು ಕೈ ತಿದ್ದಲು ಹೊರಟರೆ, ಸರಿಯಿದ್ದದ್ದೂ ಕೆಡುತ್ತದೆ.

ಎಲ್ಲವೂ ಒಟ್ಟಿಗೆ ಬೋಳಾದರೆ ಹೇಗೋ ಹೊಂದಿಕೊಳ್ಳಬಹುದು. ಹಾಗಾಗುವುದಿಲ್ಲ. ನಾಲ್ಕು ಬೇಲಿಯಾಚೆ ಹೋಗುತ್ತವೆ, ಎರಡು ಪಕ್ಕದ ಕೋರ್ಟಿನವರ ಚೀಲ ಸೇರುತ್ತವೆ. ಆ ಜಾಗಕ್ಕೆ ಹೊಸವು ಬರುತ್ತವೆ. ಈಗ ಒಂದೇ ಬುಟ್ಟಿಯಲ್ಲಿ ಮೊಣಕಾಲಿನ ಮಟ್ಟಕ್ಕೆ ಏಳುವ ಹೊಸದೂ ಇದೆ, ಎದೆಮಟ್ಟಕ್ಕೆ ಹಾರುವ ಹಳೆಯದೂ ಇದೆ. ಯಾವುದು ಬರುತ್ತದೆಂದು ಬಾಲ್ ನೆಲ ಮುಟ್ಟುವವರೆಗೆ ತಿಳಿಯದು. ಚಕ್ರಗಳ ನಡುವಿನಿಂದ ಬಾಲ್ ಎಸೆಯುವ ಬಾಲ್ ಮೆಷಿನ್ ಬಳಸುವವರ ಪಾಡು ಇನ್ನೂ ಕಷ್ಟ: ಅದರ ಚಕ್ರಗಳು ಒರಟು ಫೆಲ್ಟನ್ನು ಹಿಡಿದಂತೆ ನುಣುಪು ರಬ್ಬರನ್ನು ಹಿಡಿಯುವುದಿಲ್ಲ. ಒಂದೇ ಜಾಗಕ್ಕೆಂದು ಹೊಂದಿಸಿಟ್ಟರೂ ಒಂದು ಇಲ್ಲಿ, ಇನ್ನೊಂದು ಅಲ್ಲಿ. ಟೈಮಿಂಗ್ ಕೂಡಿಸಿಕೊಳ್ಳಲೆಂದೇ ಅಭ್ಯಾಸಕ್ಕೆ ಬಂದವರಿಗೆ ಇದಕ್ಕಿಂತ ಕಿರಿಕಿರಿ ಇಲ್ಲ.

ದಪ್ಪ ಫೆಲ್ಟ್‌ನ ಬಾಲ್ ನನಗೆ ಹಿಡಿಸಿದ್ದು ಇಲ್ಲೇ. ಅದೂ ಸವೆಯುತ್ತದೆ, ಆದರೆ ನಿಧಾನವಾಗಿ, ಹೆಚ್ಚುಕಡಿಮೆ ಎಲ್ಲವೂ ಒಂದೇ ಹದದಲ್ಲಿ. ಮೊದಲ ಕೆಲವು ವಾರ ಬಿಗಿ ಅನ್ನಿಸುತ್ತದೆ, ಆಮೇಲೆ ಒಳ್ಳೆಯ ಹದಕ್ಕೆ ಬಂದು ಬಹಳ ಕಾಲ ಅಲ್ಲೇ ನಿಲ್ಲುತ್ತದೆ. ಬುಟ್ಟಿಗೆ ಬೇಕಾದಷ್ಟನ್ನೂ ಒಮ್ಮೆಗೇ ಕೊಳ್ಳುತ್ತೇನೆ, ಪ್ರತಿಯೊಂದರ ಮೇಲೂ ಒಂದೇ ಬಣ್ಣದ ಮಾರ್ಕರ್ ಗುರುತು. ಕಳೆದುಹೋದದ್ದಕ್ಕೆ ಬದಲಿ ಹಾಕುವುದಿಲ್ಲ. ಬುಟ್ಟಿ ಅರ್ಧಕ್ಕಿಳಿದಾಗ ಉಳಿದವನ್ನೆಲ್ಲ ಗೋಡೆಗೆ ಹೊಡೆಯುವ ಚೀಲಕ್ಕೆ ಸುರಿದು ಹೊಸ ಬಣ್ಣ ಶುರು. ಸಂಶಯ ಬಂದರೆ ಎರಡು ಬಾಲನ್ನು ಭುಜದೆತ್ತರದಿಂದ ಒಟ್ಟಿಗೆ ಬಿಟ್ಟು ನೋಡಿದರಾಯಿತು. ಫೆಡರೇಷನ್ನಿನ ಪರೀಕ್ಷೆಯೂ ಇದೇ ಜಾತಿಯದ್ದು: 254 ಸೆಂಟಿಮೀಟರ್ ಮೇಲಿಂದ ಬಿಟ್ಟ ಮಾಮೂಲಿ ಬಾಲ್ 135ರಿಂದ 147 ಸೆಂಟಿಮೀಟರ್ ಮೇಲೇಳಬೇಕು.

ಕೈನೋವಿನ ಮಾತು ಬಿಡುವಂತಿಲ್ಲ. ಪ್ರೆಶರ್‌ಲೆಸ್ ಯಾವುದೇ ಇರಲಿ, ರಬ್ಬರ್ ದಪ್ಪ, ಪೆಟ್ಟು ಮೊಣಕೈಗೆ ತಟ್ಟುತ್ತದೆ. ಚಳಿಯಲ್ಲಿ ಇನ್ನೂ ಗಡುಸು. ತಂತಿಯ ಬಿಗಿತ ಒಂದೆರಡು ಪೌಂಡ್ ಇಳಿಸಿದ ಮೇಲೆ ನನಗೆ ಆರಾಮ. ಮೊದಲೇ ಮೊಣಕೈ ನೋವಿದ್ದವರು ಮಾತ್ರ ನನ್ನ ಮಾತು ಕೇಳಬೇಡಿ, ಕ್ಯಾನಿನ ಬಾಲ್‌ನಲ್ಲೇ ಇರಿ.

ವಿಲ್ಸನ್ ಕಂಪನಿ 2019ರಲ್ಲಿ ತಂದ ಟ್ರಿನಿಟಿ ಬಾಲ್ ಕ್ಯಾನಿನದ್ದು ಮತ್ತು ಪ್ರೆಶರ್‌ಲೆಸ್, ಇವೆರಡರ ನಡುವಿನ ಜಾತಿ. ಕ್ಯಾನ್ ಬೇಕಿಲ್ಲ, ಕಾಗದದ ಪೆಟ್ಟಿಗೆಯಲ್ಲೇ ಬರುತ್ತದೆ. ಆಟ ಚೆನ್ನಾಗಿದೆ. ಬುಟ್ಟಿ ತುಂಬ ಕೊಳ್ಳಲು ನನ್ನ ಜೇಬು ಒಪ್ಪಲಿಲ್ಲ, ಅಷ್ಟೆ. ಕ್ಯಾನಿನಿಂದ ತೆಗೆದ ಬಾಲನ್ನು ಒತ್ತಡದಲ್ಲಿಡುವ ಡಬ್ಬಿಗಳೂ ಇವೆ. ಮೂರು ನಾಲ್ಕು ಬಾಲ್ ಇದ್ದವರಿಗೆ ಸರಿ, ಬುಟ್ಟಿಗಲ್ಲ.

ನಾನು ಹೆಚ್ಚಾಗಿ ಒಬ್ಬನೇ ಸರ್ವ್ ಹೊಡೆಯುವವನು, ಆಗೀಗ ಗೆಳೆಯನೊಂದಿಗೆ ರ್‍ಯಾಲಿ. ಒಮ್ಮೆ ದುಡ್ಡು ಹಾಕಿ ಬಹಳ ದಿನ ಮರೆಯುವ ವ್ಯವಹಾರ ನನಗೆ ಸರಿಹೋಗುತ್ತದೆ. ವಾರಕ್ಕೊಮ್ಮೆ ಡಬಲ್ಸ್ ಮಾತ್ರ ಆಡುವವರಾದರೆ ಬುಟ್ಟಿಯ ಗೋಜೇ ಬೇಡ, ನಾಲ್ವರು ಸರದಿಯಂತೆ ಕ್ಯಾನ್ ತನ್ನಿ. ಮಕ್ಕಳಿಗೆ ಕಲಿಸಲು ಇವೆರಡೂ ಬೇಡ. ಮಾಮೂಲಿ ಬಾಲ್‌ಗಿಂತ ನಿಧಾನವಾಗಿ, ತಗ್ಗಾಗಿ ಪುಟಿಯುವ ಕೆಂಪು, ಕಿತ್ತಳೆ, ಹಸಿರು ಬಣ್ಣದವು ಅವರಿಗೆಂದೇ ಇವೆ.