ಇಮೇಲ್ ಪ್ರೋಗ್ರಾಂ ನೆಚ್ಚಿಕೊಳ್ಳುವ ಮುಂಚೆ ಎಕ್ಸ್‌ಪೋರ್ಟ್ ಎಲ್ಲಿದೆ ನೋಡಿ

ಚೆಂದ ಕಾಣುತ್ತದೆ ಅಂತ ಇಮೇಲ್ ಪ್ರೋಗ್ರಾಂ ಆರಿಸಬೇಡಿ. ಹಾಕಿಕೊಂಡ ತಕ್ಷಣ ಮೆನು ತೆಗೆದು ಎಕ್ಸ್‌ಪೋರ್ಟ್, ಅಂದರೆ ಮೇಲ್‌ಗಳನ್ನು ಬೇರೆ ಪ್ರೋಗ್ರಾಂ ಓದುವಂಥ ಫೈಲಾಗಿ ಹೊರತೆಗೆಯುವ ಸೌಲಭ್ಯ, ಇದೆಯಾ ನೋಡಿ. ಇಲ್ಲದಿದ್ದರೆ, ಅಥವಾ ಇದ್ದೂ ಅದನ್ನು ಒತ್ತಿದಾಗ ದುಡ್ಡು ಕೇಳಿದರೆ, ಅಲ್ಲೇ ತೆಗೆದುಹಾಕಿ. ನನ್ನ ವ್ಯವಹಾರದ ಎಷ್ಟೋ ವರ್ಷದ ಮೇಲ್ ಇಂಥ ಒಂದು ಪ್ರೋಗ್ರಾಂ ಒಳಗೆ ಸಿಕ್ಕಿಕೊಂಡಿತ್ತು, ಒಂದಷ್ಟು ಇನ್ನೂ ಹೊರಗೆ ಬಂದಿಲ್ಲ. ಹೆಸರು ಬೇಡ, ಹೀಗೇ ನಡೆದುಕೊಳ್ಳುವ ಪ್ರೋಗ್ರಾಂಗಳು ಬೇರೆಯೂ ಇವೆ.

ಶುರುವಿನಲ್ಲಿ ಎಲ್ಲ ಸಲೀಸಾಗಿತ್ತು. ವಿಳಾಸ, ಪಾಸ್‌ವರ್ಡ್ ಕೊಟ್ಟರೆ ಸಾಕು, ಉಳಿದದ್ದನ್ನು ತಾನೇ ಸೆಟ್ ಮಾಡಿಕೊಂಡಿತು. ಏನು ಸೆಟ್ ಮಾಡಿತು ಅನ್ನೋದನ್ನು ಮಾತ್ರ ಎಲ್ಲೂ ತೋರಿಸಲಿಲ್ಲ. ಮೇಲ್ ಸೇವೆಯವರ ಕಂಪ್ಯೂಟರಿನಿಂದ, ಅಂದರೆ ಸರ್ವರಿನಿಂದ, ಮೇಲ್ ತರಲು ಐಮ್ಯಾಪ್, ಪಾಪ್3 ಅಂತ ಎರಡು ವಿಧಾನ ಇವೆ. ಸ್ವಂತದ ಖಾತೆಯನ್ನು ಐಮ್ಯಾಪ್‌ನಲ್ಲಿ ಹಾಕಿತ್ತು, ವ್ಯವಹಾರದ ಖಾತೆಯನ್ನು ಪಾಪ್3ರಲ್ಲಿ. ಕೆಲವು ವಾರ ಕಳೆದ ಮೇಲೆ ಮೊಬೈಲಿನಲ್ಲಿ ವ್ಯವಹಾರದ ಹಳೆ ಮೇಲ್‌ಗಳು ಕಾಣೆಯಾಗತೊಡಗಿದವು, ನಾನು ಮೇಲ್ ಸೇವೆಯವರಿಗೆ ದೂರು ಕೊಟ್ಟೆ, ಅವರು ನಮ್ಮ ಕಡೆ ಏನೂ ತೊಂದರೆ ಇಲ್ಲ ಅಂದರು. ಅವರು ಹೇಳಿದ್ದು ನಿಜ. ಮೇಲ್‌ಗಳೆಲ್ಲ ನನ್ನ ಕಂಪ್ಯೂಟರಿಗೆ ಇಳಿದು ಸರ್ವರಿನಿಂದ ಅಳಿಸಿಹೋಗಿದ್ದವು.

ಪಾಪ್3 ಕೆಟ್ಟದ್ದು ಅಂತಲ್ಲ. 1996ರ ಅದರ ಮಾನದಂಡವೇ ಹೇಳುವ ಹಾಗೆ, ಮೇಲನ್ನು ಇಳಿಸಿಕೊಂಡು ಸರ್ವರಿನಲ್ಲಿ ಅಳಿಸುವುದು ಅದರ ಮಾಮೂಲಿ ರೀತಿ. ಒಬ್ಬರಿಗೆ ಒಂದೇ ಕಂಪ್ಯೂಟರ್ ಇದ್ದರೆ ಅದು ಸರಿ. ಥಂಡರ್‌ಬರ್ಡ್, ಹಳೆಯ ಔಟ್‌ಲುಕ್‌ನಂಥ ಇಮೇಲ್ ಪ್ರೋಗ್ರಾಂಗಳಲ್ಲಿ ಸರ್ವರಿನಲ್ಲೂ ಒಂದು ಪ್ರತಿ ಇರಲಿ ಅನ್ನುವ ಟಿಕ್ ಇರುತ್ತದೆ, ಜೊತೆಗೆ 14 ದಿನ ಆದಮೇಲೆ ಅಳಿಸು ಅಂತಲೂ ಇರುತ್ತದೆ. ಆ ಎರಡನೇ ಸಾಲು ಎಷ್ಟು ಜನರ ಕಣ್ಣಿಗೆ ಬೀಳುತ್ತದೆ ಹೇಳಿ! ಐಮ್ಯಾಪ್‌ನಲ್ಲಿ ಮೇಲ್ ಸರ್ವರಿನಲ್ಲೇ ಉಳಿಯುತ್ತದೆ, ಮೊಬೈಲ್, ಲ್ಯಾಪ್‌ಟಾಪ್ ಎಲ್ಲದರಲ್ಲೂ ಒಂದೇ ಥರ ಕಾಣುತ್ತದೆ. ಆದರೆ ಅದನ್ನೇ ಬ್ಯಾಕಪ್ ಅಂದುಕೊಳ್ಳಬೇಡಿ, ಇಲ್ಲಿ ಅಳಿಸಿದರೆ ಅಲ್ಲೂ ಹೋಗುತ್ತದೆ.

ಎರಡೂ ಖಾತೆ ಸೇರಿಸಿ ತೋರಿಸುವ ಒಂದೇ ಇನ್‌ಬಾಕ್ಸ್ ಇತ್ತಲ್ಲ, ಅದು ಇನ್ನೊಂದು ತಲೆನೋವು. ಹೊಸ ಮೇಲ್ ಬರೆಯಲು ಕೂತರೆ ಪ್ರತಿ ಸಲವೂ ಸ್ವಂತದ ವಿಳಾಸವನ್ನೇ ಹಾಕಿಕೊಳ್ಳುತ್ತಿತ್ತು, ಕಳಿಸುವವರ ವಿಳಾಸದ ಸಾಲನ್ನು ಮುಚ್ಚಿಟ್ಟೂ ಇರುತ್ತಿತ್ತು. ಒಬ್ಬ ಗ್ರಾಹಕರಿಗೆ ಕೊಟೇಶನ್ ಸ್ವಂತದ ವಿಳಾಸದಿಂದ ಹೋಯಿತು, ಅವರು ಅದಕ್ಕೇ ಉತ್ತರ ಬರೆಯುತ್ತಾ ಹೋದರು, ಕೊನೆಗೆ ಆ ಕೆಲಸದ ಮಾತುಕತೆ ಅರ್ಧ ಇಲ್ಲಿ ಅರ್ಧ ಅಲ್ಲಿ. ವಿಳಾಸ ಟೈಪ್ ಮಾಡುವಾಗ ಎರಡೂ ಕಡೆಯ ಹೆಸರುಗಳು ಕಲಸಿಕೊಂಡು ಬರುತ್ತಿದ್ದವು. ಗ್ರಾಹಕರ ಹೆಸರೂ ನೆಂಟರ ಹೆಸರೂ ಒಂದೇ ಆಗಿದ್ದರೆ ಏನಾಗುತ್ತದೆ ನೀವೇ ಊಹಿಸಿ. ಖಾತೆಗೊಂದು ಪ್ರೊಫೈಲ್ ಮಾಡಿ ಬೇರೆಬೇರೆಯಾಗಿ ತೆರೆಯಲು ಬಿಡುವ ಪ್ರೋಗ್ರಾಂ ಇದ್ದರೆ ಅದೇ ವಾಸಿ. ಇನ್ನೊಂದು ಮಾತು, ಉಚಿತ ಆವೃತ್ತಿ ಸ್ವಂತ ಬಳಕೆಗೆ ಮಾತ್ರ ಅಂತ ಷರತ್ತಿನಲ್ಲಿ ಬರೆದಿರುವ ಪ್ರೋಗ್ರಾಂಗಳಿವೆ, ವ್ಯವಹಾರಕ್ಕೆ ಬಳಸುವವರು ಅದನ್ನು ಓದಿಕೊಳ್ಳಿ.

ನಿಜವಾದ ಏಟು ಬಿದ್ದದ್ದು ಆಮೇಲೆ. ಒಂದು ದಿನ ಪ್ರೋಗ್ರಾಂ ಪಾಸ್‌ವರ್ಡ್ ತಪ್ಪು ಅನ್ನತೊಡಗಿತು. ಪಾಸ್‌ವರ್ಡ್ ಸರಿಯಾಗಿಯೇ ಇತ್ತು, ಬ್ರೌಸರಿನಲ್ಲಿ ಅದೇ ಪಾಸ್‌ವರ್ಡ್ ಹಾಕಿದರೆ ಖಾತೆ ತೆರೆಯುತ್ತಿತ್ತು. ಮೇಲ್ ಸೇವೆಯವರು ಬರೀ ಪಾಸ್‌ವರ್ಡ್ ಕೊಟ್ಟು ಒಳಗೆ ಬರುವುದನ್ನು ನಿಲ್ಲಿಸಿದ್ದರು, ಓಆತ್ (ಪ್ರೋಗ್ರಾಂಗೆ ಪಾಸ್‌ವರ್ಡ್ ಕೊಡದೆ, ಸೇವೆಯವರ ಪುಟದಲ್ಲೇ ಲಾಗಿನ್ ಆಗಿ ಅನುಮತಿ ಕೊಡುವ ರೀತಿ) ಇರುವ ಪ್ರೋಗ್ರಾಂಗಳಿಗೆ ಮಾತ್ರ ಬಾಗಿಲು. ಇದು ದಿಢೀರ್ ಅಂತ ಬಂದ ಬದಲಾವಣೆ ಏನಲ್ಲ. ಗೂಗಲ್ 2022ರ ಮೇ ತಿಂಗಳ ಕೊನೆಯಲ್ಲಿ ಸ್ವಂತ ಖಾತೆಗಳಿಗೆ ಹೀಗೆ ಮಾಡಿತ್ತು, ಮೈಕ್ರೋಸಾಫ್ಟ್ ಅದೇ ವರ್ಷದ ಅಕ್ಟೋಬರ್‌ನಿಂದ ವ್ಯವಹಾರದ ಖಾತೆಗಳಲ್ಲಿ ಶುರು ಮಾಡಿತ್ತು. ಪ್ರೋಗ್ರಾಂ ಮಾಡಿದವರಿಗೆ ಇದೆಲ್ಲ ಗೊತ್ತಿಲ್ಲದೆ ಇರುತ್ತದಾ? ನಮಗೆ ಒಂದು ಮಾತೂ ಹೇಳಲಿಲ್ಲ. ಕೇಳಿದಾಗ ಬಂದ ಉತ್ತರ, ಹೊಸ ಆವೃತ್ತಿ ತಗೊಳ್ಳಿ, ಅದಕ್ಕೆ ವರ್ಷ ವರ್ಷ ಚಂದಾ ಕಟ್ಟಬೇಕು.

ಕಟ್ಟಿದೆ. ಹೊಸ ಆವೃತ್ತಿ ಹಳೆಯದರ ಫೈಲನ್ನೇ ಪೂರ್ತಿ ಓದಲಿಲ್ಲ! ಎಲ್ಲ ಮೇಲ್‌ಗಳನ್ನೂ ತನ್ನದೇ ಗುಟ್ಟಿನ ಫಾರ್ಮ್ಯಾಟಿನಲ್ಲಿ ಒಂದೇ ದೊಡ್ಡ ಫೈಲಾಗಿ ಕಟ್ಟಿಟ್ಟಿತ್ತು, ಬೇರೆ ಯಾವ ಪ್ರೋಗ್ರಾಂಗೂ ಅದು ಅರ್ಥವಾಗುವುದಿಲ್ಲ. ಎಂಬಾಕ್ಸ್ ಅಥವಾ ಇಎಂಎಲ್ ಅನ್ನುವ, ಎಲ್ಲರೂ ಬಳಸುವ ಫಾರ್ಮ್ಯಾಟ್ ಆಗಿದ್ದರೆ ಈ ಗೋಳು ಇರುತ್ತಿರಲಿಲ್ಲ, ಅವು ಸಾದಾ ಟೆಕ್ಸ್ಟ್ ಫೈಲ್‌ಗಳು, ನೋಟ್‌ಪ್ಯಾಡಿನಲ್ಲೂ ತೆರೆಯುತ್ತವೆ. ಥಂಡರ್‌ಬರ್ಡ್ ಎಂಬಾಕ್ಸ್‌ನಲ್ಲೇ ಇಡುತ್ತದೆ. ನೋಡಲು ಅಷ್ಟೇನೂ ಚೆಂದವಿಲ್ಲ, ಆದರೂ ನಾನೀಗ ಬಳಸುವುದು ಅದನ್ನೇ. ಔಟ್‌ಲುಕ್ ಮೇಲ್ ಇಡುವ ಪಿಎಸ್‌ಟಿ ಫೈಲ್ ಮೈಕ್ರೋಸಾಫ್ಟ್‌ನದೇ ಫಾರ್ಮ್ಯಾಟಾದರೂ ಓದುವ ಪ್ರೋಗ್ರಾಂಗಳು ಬೇಕಾದಷ್ಟಿವೆ. ಆದರೆ ಯಾರ ಹತ್ತಿರವಾದರೂ 2002ರ ಔಟ್‌ಲುಕ್ ಅಥವಾ ಅದಕ್ಕೂ ಹಿಂದಿನ ಕಾಲದ ಪಿಎಸ್‌ಟಿ ಇದ್ದರೆ ಗಾತ್ರ ನೋಡಿ, ಅದರ ಮಿತಿ 2 ಜಿಬಿ.

ದೊಡ್ಡ ಕಂಪನಿಯದು ತಗೊಂಡರೆ ಚಿಂತೆ ಇಲ್ಲ ಅಂತಲೂ ಅಂದುಕೊಳ್ಳಬೇಡಿ. ವಿಂಡೋಸ್ ಜೊತೆಗೇ ಬರುತ್ತಿದ್ದ ಮೇಲ್ ಆಪ್‌ಗೆ 2024ರ ಡಿಸೆಂಬರ್ 31ಕ್ಕೆ ಬೆಂಬಲ ಮುಗಿಯಿತು. ಅದರ ಜಾಗಕ್ಕೆ ಬಂದ ಹೊಸ ಔಟ್‌ಲುಕ್‌ನಲ್ಲಿ ಬೇರೆ ಸೇವೆಯ ಖಾತೆ ಸೇರಿಸಿದರೆ ನಿಮ್ಮ ಮೇಲ್‌ಗಳ ಪ್ರತಿ ಮೈಕ್ರೋಸಾಫ್ಟ್ ಕ್ಲೌಡ್‌ಗೆ ಹೋಗುತ್ತದೆ. ಸ್ವಂತದ ಮೇಲ್‌ಗೆ ಇದು ಪರವಾಗಿಲ್ಲ ಅನಿಸಬಹುದು, ಗ್ರಾಹಕರ ಗುಟ್ಟಿನ ಕಾಗದ ಇಟ್ಟುಕೊಂಡವರು ಯೋಚನೆ ಮಾಡಬೇಕು.

ಹೊಸ ಪ್ರೋಗ್ರಾಂಗೆ ನಿಮ್ಮ ಖಾತೆ ಸೇರಿಸುವ ಮುಂಚೆ ಪರೀಕ್ಷೆಗೆ ಅಂತ ಒಂದು ಬೇರೆ ಖಾತೆ ಮಾಡಿ ಅದಕ್ಕೆ ಹಾಕಿ. ಕನ್ನಡದಲ್ಲಿ ವಿಷಯದ ಸಾಲು ಇರುವ, ಕನ್ನಡದಲ್ಲೇ ಹೆಸರಿಟ್ಟ ಫೈಲ್ ಲಗತ್ತಿಸಿದ ಕೆಲವು ಮೇಲ್ ಕಳಿಸಿಕೊಳ್ಳಿ. ಅವನ್ನು ಎಕ್ಸ್‌ಪೋರ್ಟ್ ಮಾಡಿ ಇನ್ನೊಂದು ಪ್ರೋಗ್ರಾಂನಲ್ಲಿ ತೆರೆಯಿರಿ. ಅಕ್ಷರದ ಬದಲು ಪ್ರಶ್ನೆ ಚಿಹ್ನೆ ಬಂದರೆ ಅಥವಾ ಲಗತ್ತು ಕಾಣೆಯಾದರೆ ಅದರ ಸಹವಾಸ ಬೇಡ.

ಈಗಾಗಲೇ ನನ್ನ ಹಾಗೆ ಸಿಕ್ಕಿಕೊಂಡವರಿಗೆ ಒಂದು ದಾರಿ ಇದೆ. ಪ್ರೋಗ್ರಾಂ ಇನ್ನೂ ತೆರೆಯುತ್ತಿರುವಾಗಲೇ ಅದಕ್ಕೆ ಐಮ್ಯಾಪ್ ಖಾತೆಯೊಂದನ್ನು ಸೇರಿಸಿ. ಓಆತ್ ಬರದ ಹಳೆ ಪ್ರೋಗ್ರಾಂ ಆದರೆ ಆಪ್ ಪಾಸ್‌ವರ್ಡ್ (ಇಂಥ ಪ್ರೋಗ್ರಾಂಗೆ ಅಂತಲೇ ಮಾಡಿಕೊಳ್ಳುವ ಬೇರೆ ಪಾಸ್‌ವರ್ಡ್) ಕೊಡುವ ಸೇವೆಯ ಖಾತೆ ಬೇಕು, ಜಿಮೇಲ್‌ನಲ್ಲಿ ಎರಡು ಹಂತದ ಪರಿಶೀಲನೆ ಆನ್ ಮಾಡಿದರೆ ಅದು ಸಿಗುತ್ತದೆ. ಆಮೇಲೆ ಹಳೆ ಫೋಲ್ಡರ್‌ಗಳಿಂದ ಮೇಲ್‌ಗಳನ್ನು ಆ ಖಾತೆಗೆ ಕಾಪಿ ಮಾಡಿ, ಮೂವ್ ಮಾಡಬೇಡಿ. ಒಂದೇ ಸಲ ಇಡೀ ಫೋಲ್ಡರ್ ಎಳೆದರೆ ನನ್ನದು ಮಧ್ಯದಲ್ಲೇ ನಿಂತುಬಿಡುತ್ತಿತ್ತು, ಸ್ವಲ್ಪ ಸ್ವಲ್ಪವೇ ಕಳಿಸಿದರೆ ಹೋಗುತ್ತದೆ. ಲೆಕ್ಕಪತ್ರ, ಒಪ್ಪಂದ ಇರುವ ಫೋಲ್ಡರ್‌ಗಳನ್ನು ಮೊದಲು ಕಳಿಸಿ, ಮತ್ತು ಎರಡೂ ಕಡೆಯ ಮೇಲ್ ಸಂಖ್ಯೆ ಒಂದೇ ಇದೆಯಾ ಅಂತ ನೋಡುವವರೆಗೂ ಹಳೆಯದನ್ನು ಅಳಿಸಬೇಡಿ.