ಗಾಜಿನ ಕೊಳವೆಯ ಮಣ್ಣಿನ ಕುಡಿಕೆ: ಕಲಬುರಗಿಯ ಎರಡು ಬೇಸಿಗೆ ಕಳೆದ ಮೇಲೆ

ಕುಂಡದ ಮಣ್ಣಿನಲ್ಲಿ ಹೂತಿಡುವ, ಮೆರುಗು ಹಚ್ಚದ ಒಂದು ಮಣ್ಣಿನ ಕುಡಿಕೆ. ಅದರ ಬಾಯಿಗೆ ರಬ್ಬರ್ ಬಿರಡೆಯಿಂದ ಕೂಡಿಸಿದ ಗೇಣುದ್ದದ ಗಾಜಿನ ಕೊಳವೆ. ಮನೆಯೊಳಗಿನ ಗಿಡಕ್ಕೆ ನೀರುಣಿಸಲೆಂದು ಎರಡು ವರ್ಷದ ಹಿಂದೆ 650 ರೂಪಾಯಿ ಕೊಟ್ಟು ನಾನು ತರಿಸಿಕೊಂಡ ಸಾಧನ ಇಷ್ಟೇ. ಸುತ್ತಲಿನ ಮಣ್ಣು ಒಣಗಿದಂತೆಲ್ಲ ಕುಡಿಕೆಯ ಸಣ್ಣ ರಂಧ್ರಗಳಿಂದ ನೀರನ್ನು ಎಳೆದುಕೊಳ್ಳುತ್ತದೆ, ಮಣ್ಣು ತಣಿದಾಗ ಒಸರುವುದು ತಾನಾಗಿ ತಗ್ಗುತ್ತದೆ. ಗಡಿಗೆ ಹೂತು ನೀರುಣಿಸುವ ಪದ್ಧತಿಯ ವಿವರ ಕ್ರಿ.ಪೂ. 1ನೆಯ ಶತಮಾನದ ಚೀನಾದ ಕೃಷಿ ಗ್ರಂಥದಲ್ಲಿಯೇ ಸಿಗುತ್ತದೆ. ಗಿಡ ಎಷ್ಟು ಕುಡಿಯಿತೆಂಬುದನ್ನು ಕಣ್ಣಿಗೆ ಕಾಣಿಸುವ ಕೊಳವೆಯೇ ಇಲ್ಲಿನ ಹೊಸತು.

ಇದಕ್ಕೂ ಮುನ್ನ, ಮಣ್ಣಿನ ತೇವ ಅಳೆದು ಮೊಬೈಲ್‌ಗೆ ಸಂದೇಶ ಕಳಿಸುವ ಸೆನ್ಸರ್ ಒಂದನ್ನು ಬಳಸಿದ್ದೆ. ಸಂದೇಶ ಬಂದೊಡನೆ ಹೋಗಿ ನೀರು ಸುರಿದು ಬರುತ್ತಿದ್ದೆನೇ ಹೊರತು ಗಿಡದ ಮುಂದೆ ಒಂದು ಗಳಿಗೆ ನಿಲ್ಲುತ್ತಿರಲಿಲ್ಲ. ಎಲೆಗಳ ಬೆನ್ನಿಗೆ ಹಿಟ್ಟು ತಿಗಣೆ ಹತ್ತಿ ಮನಿ ಪ್ಲಾಂಟ್‌ನ ಅರ್ಧ ಬಳ್ಳಿ ಹಾಳಾದ ಮೇಲೆಯೇ ನನಗೆ ತಿಳಿದದ್ದು. ಕಣ್ಣೆದುರಿನ ಸಸ್ಯವನ್ನು ಗಮನಿಸದಿರುವ ಮನುಷ್ಯ ಸ್ವಭಾವಕ್ಕೆ ಅಮೆರಿಕದ ಜೀವಶಾಸ್ತ್ರ ಶಿಕ್ಷಣ ತಜ್ಞರಾದ ವಾಂಡರ್ಸೀ ಮತ್ತು ಶುಸ್ಲರ್ ಅವರು 1999ರ ಲೇಖನವೊಂದರಲ್ಲಿ ‘ಸಸ್ಯ ಕುರುಡು’ ಎಂಬ ಅರ್ಥದ ಹೆಸರು ಕೊಟ್ಟರು. ನಮ್ಮ ಬದಲು ತಾನೇ ನೋಡಿಕೊಳ್ಳುವ ಸಾಧನ ಆ ಕುರುಡನ್ನು ಇನ್ನಷ್ಟು ಬೆಳೆಸುತ್ತದೆಂದು ನನ್ನ ಅನುಭವ.

ಕೊಳವೆ ಹಾಗೆ ಮಾಡುವುದಿಲ್ಲ. ಅದು ನೀರಿನ ಮಟ್ಟವನ್ನಷ್ಟೇ ತೋರಿಸುತ್ತದೆ, ಕಾರಣವನ್ನು ನಾವೇ ಹುಡುಕಬೇಕು. ಶರಣಬಸವೇಶ್ವರರ ಜಾತ್ರೆ ಮುಗಿದು ಬಿಸಿಲು ಬಲಿತ ಮೇಲೆ ಒಂದೇ ದಿನಕ್ಕೆ ಬರಿದಾಗುವ ಕೊಳವೆ, ಶ್ರಾವಣದಲ್ಲಿ ಐದಾರು ದಿನ ಬರುತ್ತದೆ. ಕೂಲರ್ ಹಚ್ಚಿದ ದಿನ ಕೋಣೆಯ ಗಾಳಿಯಲ್ಲಿ ತೇವ ಹೆಚ್ಚುವುದರಿಂದ ಎಲೆಗಳು ನೀರಾವಿ ಬಿಡುವುದು ತಗ್ಗಿ, ಮೇ ತಿಂಗಳಿನಲ್ಲಿಯೂ ನೀರು ಮೆಲ್ಲನೆ ಇಳಿಯುತ್ತದೆ. ಇದನ್ನು ಅರಿಯಲು ನನಗೆ ಒಂದು ಇಡೀ ಬೇಸಿಗೆ ಬೇಕಾಯಿತು. ಮುಂಜಾನೆ ತುಳಸಿಗೆ ನೀರು ಹಾಕಿ ಒಳಗೆ ಬರುವ ಅವ್ವ ಈಗ ಕೊಳವೆಯ ಮುಂದೆ ನಿಂತು, “ರಾತ್ರಿ ಭಾಳ ಕುಡದದ ನೋಡು, ಹೊಸ ಎಲಿ ಬಿಡ್ಲಿಕ್ಕತ್ತದ” ಎನ್ನುತ್ತಾರೆ, ಮತ್ತು ಹೆಚ್ಚಿನ ಸಲ ಅವರ ಮಾತು ನಿಜವಾಗಿರುತ್ತದೆ.

ನಮ್ಮ ಭಾಗದವರು ತಿಳಿದಿರಬೇಕಾದ ಎರಡು ತೊಡಕುಗಳಿವೆ. ಮೊದಲ ವರ್ಷ ನಾನು ಹೊಲದ ಎರೆ ಮಣ್ಣನ್ನು ತುಂಬಿದ್ದೆ. ನೆನೆದರೆ ಉಬ್ಬಿ, ಒಣಗಿದರೆ ಕುಗ್ಗಿ ಬಿರಿಯುವ ಆ ಮಣ್ಣು ಕುಡಿಕೆಯಿಂದ ಬಿಟ್ಟುಕೊಂಡು ಸುತ್ತ ಸಂದು ಬಿದ್ದಿತು. ಸಂದಿನಲ್ಲಿ ಗಾಳಿಯಿರುವಾಗ ನೀರು ಮಣ್ಣಿಗೆ ದಾಟುವುದಿಲ್ಲ, ಆದ್ದರಿಂದ ಕೊಳವೆ ತುಂಬಿದ್ದರೂ ಬಳ್ಳಿ ಬಾಡಿತು. ಬೀದರ್ ಕಡೆಯ ಕೆಂಪು ಮಣ್ಣಿಗೆ ಎರೆಹುಳು ಗೊಬ್ಬರ ಮತ್ತು ತೆಂಗಿನ ನಾರಿನ ಪುಡಿ ಕೂಡಿಸಿ, ಕುಡಿಕೆಯ ಸುತ್ತ ಬೆರಳಿನಿಂದ ಒತ್ತಿ ತುಂಬಿದ ಬಳಿಕ ಆ ತೊಂದರೆ ಮರುಕಳಿಸಿಲ್ಲ. ಎರಡನೆಯದು ಬೋರ್‌ವೆಲ್‌ನ ಗಡುಸು ನೀರು. ಎಂಟು ತಿಂಗಳಲ್ಲಿ ಕುಡಿಕೆಯ ಮೈಮೇಲೆ ಬಿಳಿ ಸುಣ್ಣದ ಪದರ ಕಟ್ಟಿ ರಂಧ್ರಗಳು ಮುಚ್ಚಿಹೋದವು. ವಿನೆಗರ್ ಬೆರೆಸಿದ ನೀರಿನಲ್ಲಿ ಒಂದು ರಾತ್ರಿ ನೆನೆಸಿ ನಾರಿನಿಂದ ತಿಕ್ಕಿ ತೊಳೆದಾಗ ಮತ್ತೆ ಒಸರತೊಡಗಿತು. ಈಗ ಸಾಧ್ಯವಾದಾಗಲೆಲ್ಲ ಮಳೆನೀರನ್ನೇ ಹಾಕುತ್ತೇನೆ.

ಸದಾ ತೇವ ಇದ್ದರೆ ಬೇರು ಕೊಳೆಯುವ ಸ್ನೇಕ್ ಪ್ಲಾಂಟ್‌ಗೆ ಇದು ಬೇಡ. ಬೇಸಿಗೆಯಲ್ಲಿ ವಾರಗಟ್ಟಲೆ ಊರಿಗೆ ಹೋಗುವವರೂ ಇದನ್ನು ನೆಚ್ಚಿಕೊಳ್ಳಬಾರದು.

ನನ್ನ ದೊಡ್ಡ ತಕರಾರು ಬಿರಡೆಯ ಬಗ್ಗೆ. ಎರಡನೆಯ ಬೇಸಿಗೆಯಲ್ಲಿ ರಬ್ಬರ್ ಬಿರಿದು ನೀರು ಸೋರತೊಡಗಿದಾಗ, ಬಿಡಿಭಾಗ ದೊರೆಯುವುದಿಲ್ಲ, ಪೂರ್ತಿ ಹೊಸದನ್ನೇ ಕೊಳ್ಳಬೇಕು ಎಂದು ಮಾರಾಟಗಾರರು ತಿಳಿಸಿದರು. ಸದ್ಯ ಸೈಕಲ್ ಟ್ಯೂಬ್‌ನ ತುಂಡನ್ನು ಬಿಗಿಯಾಗಿ ಸುತ್ತಿ ನಡೆಸಿದ್ದೇನೆ. ಬಿರಡೆಯನ್ನು ಬೇರೆಯಾಗಿ ಮಾರುವುದರ ಜೊತೆಗೆ, ಒಡೆದ ಕುಡಿಕೆಯನ್ನು ಊರಿನ ಕುಂಬಾರರಿಂದಲೇ ಮಾಡಿಸಿಕೊಳ್ಳಲು ಬರುವಂತೆ ಅದರ ಬಾಯಿಯ ಅಳತೆಯನ್ನು ಡಬ್ಬಿಯ ಮೇಲೆ ಮುದ್ರಿಸಬೇಕೆಂದು ತಯಾರಕರಿಗೆ ಬರೆದಿದ್ದೇನೆ.